ಅಗ್ಗದ ಸ್ಟಾರ್ಮ್, ದುಬಾರಿ ವಯಸ್ಸು

ಮಣಿಪಾಲದಲ್ಲಿ ಮಾರಾಟಕ್ಕಿದ್ದ ಸ್ಯಾನ್ ಸ್ಟಾರ್ಮ್‌ಗೆ ಕೇಳಿದ ಬೆಲೆ ಹೊಸ ಹ್ಯುಂಡೈ ಐ20 ಎನ್ ಲೈನ್‌ನ ಅರ್ಧವೂ ಇರಲಿಲ್ಲ. ಈ ಅಂಕಣಕಾರನ ಮನಸ್ಸು ಕುಣಿಯಿತು. ಆದರೆ ಅವನ ಮನೆ ಇರುವುದು ಕಾಪುವಿನ ಕಡಲ ಬದಿಯಲ್ಲಿ; ಅಲ್ಲಿ ಗೇಟಿನ ಚಿಲಕಕ್ಕೂ ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಡ.

1990ರ ದಶಕದ ಕೊನೆಗೆ ಗೋವಾದಿಂದ ಬಂದ ಈ ಎರಡು ಸೀಟಿನ ಕಾರಿನದು 1,149 ಸಿಸಿಯ ರೆನೋ ಎಂಜಿನ್, ಸುಮಾರು 60 ಅಶ್ವಶಕ್ತಿ. ಎನ್ ಲೈನ್‌ನ ಟರ್ಬೊ 998 ಸಿಸಿಯಲ್ಲೇ 120 ಕೊಡುತ್ತದೆ. ವೇಗದ ಮಾತು ಅಲ್ಲಿಗೆ ಮುಗಿಯಿತು. ಸ್ಟಾರ್ಮ್‌ನ ಬಾಡಿ ಫೈಬರ್‌ಗ್ಲಾಸ್, ತುಕ್ಕಿನ ಭಯವಿಲ್ಲ. ಕಾರ್ಕಳದ ಮೆಕ್ಯಾನಿಕ್ ಮಾತ್ರ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. "ಮೇಲೆ ಎಂತ ನೋಡುದು ಮಾರಾಯ್ರೆ, ಅಡಿ ನೋಡುವ" ಎಂದು ಲಿಫ್ಟಿಗೇರಿಸಿದರು. ಕಬ್ಬಿಣವೆಲ್ಲ ಅಲ್ಲೇ ಇತ್ತು, ತುಕ್ಕೂ.

ಇನ್ನು ವಯಸ್ಸಿನ ಪೇಚು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 20 ದಾಟಿದರೆ, 2025ರ ಆಗಸ್ಟ್‌ನ ಪರಿಷ್ಕರಣೆಯಂತೆ, ಶುಲ್ಕ 10,000 ರೂಪಾಯಿ. ವಿಂಟೇಜ್ ಎನಿಸಿಕೊಳ್ಳಲು 2021ರ ಕೇಂದ್ರ ನಿಯಮದಂತೆ 50 ವರ್ಷ ತುಂಬಿರಬೇಕು. ಹಾಗೆ ನೋಂದಾಯಿಸಿದರೂ ಪ್ರದರ್ಶನ, ರ್‍ಯಾಲಿಗಳಿಗಷ್ಟೇ, ದಿನಾ ಉಡುಪಿ ಪೇಟೆಗೆ ಓಡಿಸುವಂತಿಲ್ಲ. ಮೋಟಾರು ವಿಮಾ ದರಪಟ್ಟಿಯ ಪ್ರಕಾರವಂತೂ 1940ರ ಅಂತ್ಯಕ್ಕೆ ಮೊದಲು ತಯಾರಾದದ್ದೇ ವಿಂಟೇಜ್! ಸ್ಟಾರ್ಮ್ ಎಲ್ಲಿಯೂ ಸಲ್ಲದು.

ಹೊಸದು ನುಂಗುವುದು ಬೇರೆ ದಾರಿಯಲ್ಲಿ. 12 ಲಕ್ಷದ ಕಾರು ಎಂದಿಟ್ಟುಕೊಳ್ಳಿ. ರಾಜ್ಯದ ಜೀವಾವಧಿ ತೆರಿಗೆ ಶೇ. 17, ಅಂದರೆ 2.04 ಲಕ್ಷ, ಸೆಸ್ ಬೇರೆ. ವಿಮೆಯ ಸವಕಳಿ ಪಟ್ಟಿಯಲ್ಲಿ ಐದನೇ ವರ್ಷಕ್ಕೆ ಅದರ ಮೌಲ್ಯ ಅರ್ಧ. 6 ಲಕ್ಷವನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 10,000, ಕಾರು ಅಂಗಳದಲ್ಲೇ ನಿಂತಿದ್ದರೂ. ಆ ದುಡ್ಡಿಗೆ ಹಳೆಯದರ ಅಡಿಭಾಗವನ್ನು ಧಾರಾಳವಾಗಿ ರಿಪೇರಿ ಮಾಡಿಸಬಹುದು, ಬಿಡಿಭಾಗ ಸಿಕ್ಕಿದರೆ.

"ಮುಂದೆ ಬೆಲೆ ಏರಿದರೆ ಲಾಭ ಅಲ್ಲವೇ?" ಎಂದು ಕೇಳುವವರಿದ್ದಾರೆ. ಸ್ವಂತ ಬಳಕೆಯ ಕಾರು ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿಯಲ್ಲ. ಲಾಭಕ್ಕೆ ತೆರಿಗೆಯಿಲ್ಲ, ನಷ್ಟವನ್ನು ಬೇರೆ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ಆದರೆ ಅಂಥ ಲಾಭವನ್ನು ನಂಬಿ ಸ್ಟಾರ್ಮ್ ಕೊಳ್ಳುವುದು ಇವನ ಮಟ್ಟಿಗೆ ಹೂಡಿಕೆಯಲ್ಲ, ಹುಚ್ಚು. ಹುಚ್ಚಿಗೂ ಒಂದು ಬಜೆಟ್ ಇರಲಿ ಎಂದು ಮಾರುವವರ ಜತೆ ಮಾತಾಡಿದ್ದಾನೆ: ನೋಂದಣಿ ನವೀಕರಣದ ಖರ್ಚು ಅವರದ್ದು, ತುಕ್ಕಿನದು ಇವನದ್ದು. ಟೈರುಗಳ ವಿಷಯದಲ್ಲಿ ಚೌಕಾಸಿ ಇನ್ನೂ ನಡೆದಿದೆ.