ಗಪ್ಪಿ ಮೀನಿಗೆ ಬಣ್ಣ ಯಾಕೆ?



ಸೊಳ್ಳೆ ಮರಿ ತಿನ್ನಲಿ ಅಂತ ಬಾವಿ, ತೊಟ್ಟಿಗಳಿಗೆ ಬಿಡುವ ಗಪ್ಪಿ ಮೀನನ್ನು ನೀವು ನೋಡಿರಬಹುದು. ಅದರಲ್ಲಿ ಹೆಣ್ಣು ದೊಡ್ಡದು, ಬಣ್ಣ ಬೂದು. ಗಂಡು ಚಿಕ್ಕದು, ಆದರೆ ಮೈಮೇಲೆ ಕಿತ್ತಳೆ, ಕಪ್ಪು, ನೀಲಿ ಚುಕ್ಕೆಗಳು. ಯಾಕೆ ಹೀಗೆ? ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಗಪ್ಪಿಯ ಮೂಲ ಸ್ಥಳಗಳಲ್ಲಿ ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪವೂ ಒಂದು. ಅಲ್ಲಿನ ಹೊಳೆಗಳಲ್ಲಿ ಗಂಡು ಮೈ ಬಾಗಿಸಿ ಹೆಣ್ಣಿನ ಮುಂದೆ ಕುಣಿಯುತ್ತದೆ. ಆರಿಸುವುದು ಹೆಣ್ಣು! ಸಾಮಾನ್ಯವಾಗಿ ಕಿತ್ತಳೆ ಬಣ್ಣ ಜಾಸ್ತಿ ಇರುವ ಗಂಡೇ ಅದಕ್ಕೆ ಇಷ್ಟ. ಈ ಬಣ್ಣಕ್ಕೆ ಬೇಕಾದ ಕೆರೋಟಿನಾಯ್ಡ್ ಎಂಬ ವಸ್ತು ಪಾಚಿಯಂಥ ಆಹಾರದಿಂದ ಬರಬೇಕು. ಆದ್ದರಿಂದ ಬಣ್ಣ ಗಾಢವಾಗಿದ್ದರೆ ಗಂಡು ಚೆನ್ನಾಗಿ ಮೇಯುತ್ತದೆ ಎಂದರ್ಥ. ಅಂಥ ಗಂಡಿಗೆ ಮರಿಗಳು ಹೆಚ್ಚು. ತಂದೆಯ ಚುಕ್ಕೆ ಗಂಡುಮರಿಗಳಿಗೂ ಬರುತ್ತದೆ.

ಹಾಗಾದರೆ ಎಲ್ಲಾ ಗಂಡುಗಳೂ ಪೂರ್ತಿ ಕಿತ್ತಳೆ ಆಗಬೇಕಿತ್ತಲ್ಲ? ಆಗಲಿಲ್ಲ. ಹೊಳೆಯ ಕೆಳಭಾಗದಲ್ಲಿ ಗಪ್ಪಿ ತಿನ್ನುವ ದೊಡ್ಡ ಮೀನುಗಳಿವೆ. ಅವಕ್ಕೂ ಬಣ್ಣ ಕಾಣುತ್ತೆ! ಹೊಳೆಯುವ ಗಂಡು ಬೇಗ ಬಾಯಿಗೆ ಬೀಳುತ್ತೆ. 1976ರಲ್ಲಿ ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಅಂಥ ಜಾಗದ 200 ಗಪ್ಪಿಗಳನ್ನು ಹಿಡಿದು, ಆ ದೊಡ್ಡ ಮೀನುಗಳಿಲ್ಲದ ತೊರೆಗೆ ಬಿಟ್ಟರು. ಸುಮಾರು 2 ವರ್ಷದಲ್ಲೇ ಅಲ್ಲಿನ ಗಂಡುಗಳಲ್ಲಿ ಚುಕ್ಕೆಗಳು ಹೆಚ್ಚಾಗಿದ್ದವು.

ಅಂದರೆ ಒಂದೇ ಬಣ್ಣವನ್ನು ಎರಡು ಕಣ್ಣು ನೋಡುತ್ತಿವೆ: ಮೆಚ್ಚುವ ಹೆಣ್ಣಿನದು, ತಿನ್ನುವ ಶತ್ರುವಿನದು. ಇವೆರಡರ ನಡುವೆ ಗಂಡಿನ ಬಣ್ಣ ನಿಂತಿದೆ.

ತೊಟ್ಟಿಯ ಗಪ್ಪಿಯನ್ನು ಗಾಜಿನ ಬಾಟಲಿಯಲ್ಲಿ ಹಾಕಿ ಚುಕ್ಕೆ ಎಣಿಸಿ ನೋಡಿ. ಆಮೇಲೆ ಮರೆಯದೆ ಅದೇ ತೊಟ್ಟಿಗೆ ಬಿಡಿ.