ಹಳೇ ಕಳೆ ಮಿಷನ್ ಮತ್ತೆ ಓಡಿತು

ಮಲೆನಾಡಿನಲ್ಲಿ ಮಳೆ ಹಿಡಿಯಿತು ಅಂದರೆ ಸಾಕು. ಅಡಿಕೆ ತೋಟದಲ್ಲಿ ಹುಲ್ಲು ಮೊಳಕಾಲು ಮುಟ್ಟುತ್ತದೆ. ಹಿಂದೆ ಆಳುಗಳು ಕತ್ತಿ ಹಿಡಿದು ದಿನಗಟ್ಟಲೆ ಸವರುತ್ತಿದ್ದರು. ಈಗ ಆಳು ಸಿಗುವುದು ಕಷ್ಟ. ಅದಕ್ಕೇ ಹೆಗಲಿಗೆ ಹಾಕಿಕೊಂಡು ಕಳೆ ಹೊಡೆಯುವ ಮಿಷನ್ ಬಂದಿದೆ. ಅದಕ್ಕೆ ಒಂದು ಉದ್ದನೆಯ ಕೋಲು. ಕೋಲಿನ ಒಂದು ತುದಿಗೆ ಸಣ್ಣ ಪೆಟ್ರೋಲ್ ಎಂಜಿನ್. ಇನ್ನೊಂದು ತುದಿಗೆ ತಿರುಗುವ ಬ್ಲೇಡು. ನೀವೂ ನೋಡಿರುತ್ತೀರಿ.

ತೀರ್ಥಹಳ್ಳಿ ಕಡೆಯ ಒಂದು ಊರು. ಅಲ್ಲಿ ಅಕ್ಕ, ತಮ್ಮ ಇಬ್ಬರು. ಇರುವುದು ಒಂದು ಎಕರೆ ತೋಟ. ಅಕ್ಕ ಮಹಿಳಾ ಸಂಘದಲ್ಲಿದ್ದಾಳೆ. ರಾತ್ರಿ ಹೊತ್ತು ಅಕ್ಷರ ಕಲಿಯಲು ಹೋಗುತ್ತಾಳೆ. ಒಂದು ದಿನ ತಮ್ಮ ಓಡಿ ಬಂದ.

"ಅಕ್ಕಾ, ಪೇಟೆ ಹತ್ರ ಒಬ್ಬರ ಮನೇಲಿ ಹಳೇ ಕಳೆ ಮಿಷನ್ ಇದೆಯಂತೆ. ಹೊಸದರ ಕಾಲು ಭಾಗ ದುಡ್ಡಿಗೆ ಕೊಡ್ತಾರಂತೆ. ಎರಡು ವರ್ಷದಿಂದ ಸ್ಟಾರ್ಟ್ ಮಾಡಿಲ್ಲ, ಅಷ್ಟೇ."

"ಸ್ಟಾರ್ಟ್ ಆಗದ ಮಿಷನ್ ತಗೊಂಡು ಏನು ಮಾಡ್ತೀಯೋ? ದುಡ್ಡು ಸಂಘದ ಸಾಲದ್ದು. ಮಿಷನ್ ಓಡಲಿ, ಬಿಡಲಿ, ತಿಂಗಳು ತಿಂಗಳು ಕಂತು ಕಟ್ಟಲೇಬೇಕು."

"ಓಡಿದರೆ ನಮ್ಮ ತೋಟವೂ ಆಯ್ತು. ನಾಲ್ಕು ಜನರ ತೋಟಕ್ಕೆ ಬಾಡಿಗೆಗೆ ಹೋದರೆ ಕಂತೂ ಆಯ್ತು."

ಇಬ್ಬರ ಮಾತೂ ಸರಿಯೇ. ಹೊಸ ಮಿಷನ್‌ಗೆ ಸಹಾಯಧನ ಇದೆಯೇ ಎಂದು ಅಕ್ಕ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದಳು. ಅರ್ಜಿ ಹಾಕಿ ಕಾಯಬೇಕು ಎಂದರು. ಹುಲ್ಲು ಕಾಯುವುದಿಲ್ಲವಲ್ಲ! ಊರಿನ ಗ್ಯಾರೇಜಿನ ಮೇಸ್ತ್ರಿಯನ್ನು ಕರೆದುಕೊಂಡು ಹಳೇ ಮಿಷನ್ ನೋಡಲು ಹೋದರು.

ಮೇಸ್ತ್ರಿ ದಾರಿಯಲ್ಲೇ ಹೇಳಿದರು: "ನೋಡಿ ಅಕ್ಕ, ಕೆಟ್ಟು ನಿಂತ ಮಿಷನ್‌ನಲ್ಲಿ ಎರಡು ಜಾತಿ. ಒಂದು, ಪೆಟ್ರೋಲ್ ಒಳಗೆ ಹೋಗದೆ ನಿಂತದ್ದು. ಅದನ್ನು ಸಣ್ಣ ಖರ್ಚಿನಲ್ಲಿ ಎಬ್ಬಿಸಬಹುದು. ಇನ್ನೊಂದು, ಎಣ್ಣೆ ಇಲ್ಲದೆ ಒಳಗೇ ಸವೆದು ನಿಂತದ್ದು. ಅದನ್ನು ತಗೊಂಡ್ರೆ ದುಡ್ಡು ಹೋದ ಹಾಗೇ."

ಯಾವ ಜಾತಿ ಎಂದು ತಿಳಿಯುವುದು ಹೇಗೆ? ಮೇಸ್ತ್ರಿ ಮಿಷನ್‌ನ ಸ್ಟಾರ್ಟ್ ಮಾಡುವ ಹಗ್ಗವನ್ನು ನಿಧಾನವಾಗಿ ಎಳೆದರು. ಹಗ್ಗ ಒಮ್ಮೆ ಬಿಗಿಯಾಯಿತು, ಮತ್ತೆ ಸಡಿಲವಾಯಿತು. ಮತ್ತೆ ಬಿಗಿ, ಮತ್ತೆ ಸಡಿಲ. ಈ ಬಿಗಿಗೆ ಕಂಪ್ರೆಷನ್ ಎನ್ನುತ್ತಾರೆ. ಪಿಸ್ಟನ್ ಒಳಗಿನ ಗಾಳಿಯನ್ನು ಒತ್ತುತ್ತಿದೆ ಎಂದು ಅರ್ಥ. ಹಗ್ಗ ಬಾವಿ ಹಗ್ಗದ ಹಾಗೆ ಸಲೀಸಾಗಿ ಬಂದರೆ ಒಳಗಿನ ಪಿಸ್ಟನ್, ರಿಂಗು ಸವೆದಿರಬಹುದು. ಹಗ್ಗ ಅಲುಗಾಡದೇ ಇದ್ದರೆ ಪಿಸ್ಟನ್ ಕಚ್ಚಿಕೊಂಡಿರಬಹುದು. 'ಸೀಜ್ ಆಗಿದೆ' ಎನ್ನುತ್ತಾರಲ್ಲ, ಅದೇ ಇದು.

ಅಷ್ಟಕ್ಕೇ ಅವರು ಬಿಡಲಿಲ್ಲ. ಮಾರುವವರನ್ನು ಕೇಳಿ ಸೈಲೆನ್ಸರ್ ಬಿಚ್ಚಿದರು. ಅದರ ಹಿಂದೆ ಒಂದು ಕಿಂಡಿ ಇರುತ್ತದೆ. ಹಗ್ಗ ಸ್ವಲ್ಪ ಸ್ವಲ್ಪವೇ ಎಳೆದು, ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್‌ನ ಮೈ ಕಾಣುತ್ತದೆ. ಮೈ ನುಣ್ಣಗೆ ಇತ್ತು. ಮೇಲಿಂದ ಕೆಳಕ್ಕೆ ಆಳವಾದ ಗೀರು ಇದ್ದಿದ್ದರೆ ಅವರು ಅಲ್ಲಿಂದಲೇ ಹಿಂದಕ್ಕೆ ಬರುತ್ತಿದ್ದರು.

ಈ ಗೀರು ಬೀಳುವುದು ಏಕೆ? ಸ್ಕೂಟರ್, ಬೈಕುಗಳ ಎಂಜಿನ್‌ಗೆ ಎಣ್ಣೆಯ ಬೇರೆ ಗುಂಡಿ ಇದೆ. ಆದರೆ ಬಹಳಷ್ಟು ಕಳೆ ಮಿಷನ್‌ಗಳು ಟೂ ಸ್ಟ್ರೋಕ್ ಜಾತಿಯವು. ಅವಕ್ಕೆ ಎಣ್ಣೆಯ ಗುಂಡಿ ಇಲ್ಲ. ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕಬೇಕು. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಕಚ್ಚಿಕೊಳ್ಳುತ್ತದೆ. ಇದಕ್ಕೆ ಬಹಳ ಹೊತ್ತು ಬೇಡ. ಕಡ ಕೊಟ್ಟ ಮಿಷನ್ ಸಾಯುವುದು ಹೆಚ್ಚಾಗಿ ಹೀಗೇ.

ಮಿಷನ್‌ಗೆ ಒಂದು ದೊಡ್ಡ ಕೊರತೆ ಇತ್ತು. ಬ್ಲೇಡಿನ ಹಿಂದಿನ ರಕ್ಷಣೆಯ ತಗಡು, ಅಂದರೆ ಗಾರ್ಡ್ ಕಳೆದುಹೋಗಿತ್ತು. ಅದನ್ನು ತೋರಿಸಿ ಅಕ್ಕ ಬೆಲೆ ಇಳಿಸಿದಳು. ಹೊಸ ಗಾರ್ಡನ್ನು ಅಂದೇ ಕೊಂಡಳು. ಗಾರ್ಡ್ ಇಲ್ಲದ ಮಿಷನ್ ಬಿಟ್ಟಿ ಸಿಕ್ಕಿದರೂ ಹಾಗೇ ಓಡಿಸಬೇಡಿ. ಬ್ಲೇಡು ಎಸೆದ ಕಲ್ಲು ಗುಂಡಿನ ಹಾಗೆ ಬರುತ್ತದೆ. ಕಣ್ಣು ಹೋದರೆ ಯಾವ ಬಾಡಿಗೆಯೂ ತಂದುಕೊಡುವುದಿಲ್ಲ.

ಮಾರನೆಯ ದಿನ ಜಗಲಿಯಲ್ಲಿ ಗೋಣಿಚೀಲ ಹಾಸಿ ಕೆಲಸ ಶುರು ಮಾಡಿದರು. ಮೊದಲು ಪ್ಲಗ್ಗಿನ ಟೋಪಿ ಕಿತ್ತರು. ಆಗ ಮಿಷನ್ ತಪ್ಪಿಯೂ ಸ್ಟಾರ್ಟ್ ಆಗುವುದಿಲ್ಲ. ಆಮೇಲೆ ಬ್ಲೇಡಿಗೆ ಕೈ ಹಾಕಿದರು. ತಮ್ಮ ನಟ್ಟು ತಿರುಗಿಸಿ ತಿರುಗಿಸಿ ಬೆವತ. ಬರಲೇ ಇಲ್ಲ.

"ಅದು ಎಡ ಮರೆಯ ನಟ್ಟು ಕಣೋ" ಎಂದರು ಮೇಸ್ತ್ರಿ. "ಬೇರೆ ನಟ್ಟು ಬಿಗಿ ಮಾಡೋ ಕಡೆಗೆ ತಿರುಗಿಸು. ಇದು ಸಡಿಲ ಆಗುತ್ತೆ."

ಹಾಗೇ ಆಯಿತು. ಹೆಚ್ಚಿನ ಕಳೆ ಮಿಷನ್‌ಗಳಲ್ಲಿ ಹೀಗೇ ಇರುತ್ತದೆ. ಬ್ಲೇಡಿನಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ವೆಲ್ಡಿಂಗ್ ಮಾಡಿಸೋಣ ಎಂದ ತಮ್ಮ. ಮೇಸ್ತ್ರಿ ಒಪ್ಪಲಿಲ್ಲ. ಬಿರುಕು ಬಿಟ್ಟ ಬ್ಲೇಡು ತಿರುಗುವಾಗ ಚೂರಾಗಿ ಹಾರಬಹುದು. ಅದನ್ನು ಗುಜರಿಗೆ ಹಾಕಿದರು.

ಟ್ಯಾಂಕಿನ ಮುಚ್ಚಳ ತೆಗೆದರೆ ಹಳೇ ಬಣ್ಣದ ಡಬ್ಬಿಯ ವಾಸನೆ! ಎರಡು ವರ್ಷದ ಪೆಟ್ರೋಲ್ ತಳದಲ್ಲಿ ಅಂಟಾಗಿತ್ತು. ರೋಗ ಇದ್ದದ್ದು ಇಲ್ಲೇ.

ಈಗಿನ ಪೆಟ್ರೋಲ್ ಬಗ್ಗೆ ಒಂದು ಮಾತು ತಿಳಿದಿರಲಿ. ಕಬ್ಬು, ಮೆಕ್ಕೆಜೋಳ, ಅಕ್ಕಿ ಮುಂತಾದವುಗಳಿಂದ ಎಥೆನಾಲ್ ಎಂಬ ಸ್ಪಿರಿಟ್ ಮಾಡುತ್ತಾರೆ. ಅದನ್ನು ಪೆಟ್ರೋಲಿಗೆ ಬೆರೆಸುತ್ತಾರೆ. ನೂರಕ್ಕೆ 20 ಪಾಲು ಎಥೆನಾಲ್ ಇರುವ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಎಥೆನಾಲ್ ಗಾಳಿಯಲ್ಲಿರುವ ನೀರಿನ ಪಸೆ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪಸೆಗೆ ಬರವೇ? ತಿಂಗಳುಗಟ್ಟಲೆ ನಿಂತರೆ ನೀರು ತಳಕ್ಕೆ ಇಳಿಯುತ್ತದೆ. ಹಳೇ ರಬ್ಬರ್ ಪೈಪೂ ಹಾಳಾಗುತ್ತದೆ.

ಹಳೇ ಪೆಟ್ರೋಲನ್ನು ಡಬ್ಬಿಗೆ ಸುರಿದು ಮೇಸ್ತ್ರಿ ಗ್ಯಾರೇಜಿಗೆ ಒಯ್ದರು. ಬಾವಿ ಹತ್ತಿರ, ಹಳ್ಳದ ಹತ್ತಿರ ಇದನ್ನು ಚೆಲ್ಲಬಾರದು. ಈ ಕೆಲಸ ಮಾಡುವಾಗ ಒಲೆ, ಬೀಡಿ ಎರಡೂ ದೂರ ಇರಬೇಕು.

ಟ್ಯಾಂಕಿನ ಒಳಗೆ ಒಂದು ಸಣ್ಣ ಸೋಸುಗ ಇರುತ್ತದೆ. ತಂತಿಯ ಕೊಕ್ಕೆಯಿಂದ ಅದನ್ನು ಹೊರಗೆ ಎಳೆದರು. ಕಪ್ಪಾಗಿತ್ತು. ಪೈಪು ಮುಟ್ಟಿದರೆ ಒಣ ಸೋಗೆಯ ಹಾಗೆ ಮುರಿಯಿತು. ಎರಡನ್ನೂ ಹೊಸದು ಹಾಕಿದರು.

ಆಮೇಲೆ ಕಾರ್ಬ್ಯುರೇಟರ್. ಗಾಳಿ, ಪೆಟ್ರೋಲ್ ಎರಡನ್ನೂ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ ಇದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬಿಚ್ಚುವ ಮೊದಲು ತಮ್ಮ ಮೊಬೈಲಿನಲ್ಲಿ ಫೋಟೋ ತೆಗೆದ. ಒಳ್ಳೆಯ ಬುದ್ಧಿ. ಮತ್ತೆ ಜೋಡಿಸುವಾಗ ಯಾವುದು ಎಲ್ಲಿ ಎಂಬ ಜಗಳ ಇಲ್ಲ. ಒಳಗೆ ರಬ್ಬರಿನ ತೆಳು ಪರದೆ ಇತ್ತು. ಅದು ಎಳೆ ಎಲೆಯ ಹಾಗೆ ಬಳುಕಬೇಕು. ಇದು ಹಪ್ಪಳವಾಗಿತ್ತು. ಪರದೆ, ವಾಷರ್ ಎಲ್ಲ ಸೇರಿದ 'ಕಿಟ್' ಅಂಗಡಿಯಲ್ಲಿ ಸಿಗುತ್ತದೆ. ಹಳೇ ಪರದೆ ತೋರಿಸಿ ಅದೇ ಅಳತೆಯದು ತಂದರು. ಸಣ್ಣ ತೂತುಗಳನ್ನು ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ ಹೊಡೆದು ಬಿಡಿಸಿದರು. ತಮ್ಮ ಸೂಜಿ ತಂದ. ಮೇಸ್ತ್ರಿ ಕಸಿದುಕೊಂಡರು. ಸೂಜಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಆಮೇಲೆ ಪೆಟ್ರೋಲಿನ ಅಳತೆ ತಪ್ಪುತ್ತದೆ.

ಗಾಳಿ ಸೋಸುವ ಸ್ಪಂಜನ್ನು ಅಕ್ಕ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದಳು. ಪ್ಲಗ್ಗಿನ ಮಸಿ ಉಜ್ಜಿದರು. ಬ್ಲೇಡು ಕಡೆಯ ಗೇರ್ ಪೆಟ್ಟಿಗೆಗೆ ಗ್ರೀಸ್ ತುಂಬಿ, ಹೊಸ ಬ್ಲೇಡು, ಗಾರ್ಡ್ ಹಾಕಿದರು. ಅಲ್ಲಿಗೆ ಬಿಚ್ಚುವ ಜೋಡಿಸುವ ಕೆಲಸ ಮುಗಿಯಿತು.

ಇನ್ನು ಎಣ್ಣೆ. ತಮ್ಮ ಪೇಟೆಯಿಂದ 2ಟಿ ಎಣ್ಣೆ ತಂದ.

"ಎಷ್ಟು ಹಾಕಬೇಕಂತೆ?" ಅಕ್ಕ ಕೇಳಿದಳು.

"ಒಂದು ಮುಚ್ಚಳ ಸುಮ್ನೆ ಹಾಕಿ ಅಂದ್ರು."

"ಮುಚ್ಚಳ ಅಂದ್ರೆ ಎಷ್ಟು? ಡಬ್ಬಿಗೊಂದು ಮುಚ್ಚಳ ಇರುತ್ತೆ."

ಅಕ್ಕ ಟ್ಯಾಂಕಿನ ಮುಚ್ಚಳವನ್ನು ಸೆರಗಿನಿಂದ ಒರೆಸಿದಳು. ಮಣ್ಣು ಹೋಯಿತು. ಅಂಕಿ ಕಾಣಿಸಿತು. ಬೆರಳಿಟ್ಟು ಓದಿದಳು. "ಐದು, ಸೊನ್ನೆ. ಐವತ್ತು. ಆಮೇಲೆ ಎರಡು ಚುಕ್ಕಿ. ಆಮೇಲೆ ಒಂದು."

"ಹೌದು ಅಕ್ಕ, 50:1" ಎಂದರು ಮೇಸ್ತ್ರಿ. "ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ."

ಒಂದು ಲೀಟರ್ ಅಂದರೆ 1000 ಎಂ.ಎಲ್. ಅದನ್ನು 50ರಿಂದ ಭಾಗಿಸಿ. 20 ಬರುತ್ತದೆ. ಲೀಟರಿಗೆ 20 ಎಂ.ಎಲ್. ಎಣ್ಣೆ. ಕೆಲವು ಮಿಷನ್‌ಗಳಲ್ಲಿ 25:1 ಎಂದಿರುತ್ತದೆ. ಅದಕ್ಕೆ ಲೀಟರಿಗೆ 40 ಎಂ.ಎಲ್. ಬೇಕು. ಕಡಿಮೆಯಾದರೆ ಪಿಸ್ಟನ್ ಕಚ್ಚುತ್ತದೆ. ಬಹಳ ಹೆಚ್ಚಾದರೆ ಹೊಗೆ ಬರುತ್ತದೆ, ಪ್ಲಗ್ಗು ಮಸಿ ಹಿಡಿಯುತ್ತದೆ. ಫೋರ್ ಸ್ಟ್ರೋಕ್ ಮಿಷನ್ ಆದರೆ ಎಣ್ಣೆಗೆ ಬೇರೆ ಮುಚ್ಚಳ ಇರುತ್ತದೆ. ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು.

ಅಕ್ಕ ಔಷಧಿ ಅಂಗಡಿಯಿಂದ 20 ಎಂ.ಎಲ್. ಸಿರಿಂಜ್ ತರಿಸಿದಳು. ಸೂಜಿ ಬೇಡ ಎಂದಳು. ಒಂದು ಸಿರಿಂಜ್ ಎಣ್ಣೆ, ಒಂದು ಲೀಟರ್ ಪೆಟ್ರೋಲ್. ಬೇರೆ ಕ್ಯಾನಿನಲ್ಲಿ ಬೆರೆಸಿ, ಕುಲುಕಿ, ಟ್ಯಾಂಕಿಗೆ ಹಾಕಿದರು. ಆ ಸಿರಿಂಜನ್ನು ಬೇರೆ ಯಾವುದಕ್ಕೂ ಬಳಸುವುದಿಲ್ಲ. ಮಿಷನ್ ಜೊತೆಗೇ ಕಟ್ಟಿಟ್ಟಿದ್ದಾಳೆ.

ಅಂಗಳಕ್ಕೆ ತಂದರು. ರಬ್ಬರಿನ ಗುಳ್ಳೆಯನ್ನು ಏಳೆಂಟು ಸಲ ಒತ್ತಿದರು. ಹೊಸ ಪೈಪಿನಲ್ಲಿ ಪೆಟ್ರೋಲ್ ಹರಿದು ಬಂತು. ಚೋಕ್ ಹಾಕಿ ಹಗ್ಗ ಎಳೆದರು. ಇಲ್ಲ. ಮತ್ತೆ ಎಳೆದರು. ಇಲ್ಲ. ತಮ್ಮನ ಮುಖ ಸಣ್ಣದಾಯಿತು.

"ಪ್ಲಗ್ ಬಿಚ್ಚಿ ನೋಡು" ಎಂದರು ಮೇಸ್ತ್ರಿ. "ಒಣಗಿದ್ರೆ ಪೆಟ್ರೋಲ್ ಬರ್ತಿಲ್ಲ. ಒದ್ದೆ ಇದ್ರೆ ಬರ್ತಿದೆ, ಕಿಡಿ ಇಲ್ಲ. ಇಲ್ಲಾಂದ್ರೆ ಪೆಟ್ರೋಲೇ ಜಾಸ್ತಿ ಆಗಿದೆ."

ಪ್ಲಗ್ಗು ತೊಪ್ಪೆಯಾಗಿತ್ತು. ಒರೆಸಿದರು. ಚೋಕ್ ತೆಗೆದು, ಪ್ಲಗ್ಗಿಲ್ಲದೆ ನಾಲ್ಕು ಸಲ ಹಗ್ಗ ಎಳೆದು ಒಳಗಿನ ಹಸಿ ಹೊರಹಾಕಿದರು. ಪ್ಲಗ್ಗು ಹಾಕಿ ಮತ್ತೆ ಎಳೆದರು. ಒಂದು ಸಲ ಕೆಮ್ಮಿತು. ಇನ್ನೊಮ್ಮೆ ಎಳೆದರು. ಬುರ್ರ್ ಎಂದು ಹೊಗೆ ಬಿಟ್ಟು ಮಿಷನ್ ಎದ್ದಿತು! ಪಕ್ಕದ ಮನೆಯ ನಾಯಿ ಓಡಿಹೋಯಿತು.

ಆದರೆ ಆಕ್ಸಿಲೇಟರ್ ಬಿಟ್ಟರೂ ಬ್ಲೇಡು ತಿರುಗುತ್ತಲೇ ಇತ್ತು. ಇದು ಅಪಾಯ. ಸುಮ್ಮನೆ ಓಡುವಾಗ ಬ್ಲೇಡು ನಿಂತಿರಬೇಕು. ಮೇಸ್ತ್ರಿ ಐಡಲ್ ಸ್ಕ್ರೂ ಸ್ವಲ್ಪ ಸಡಿಲಿಸಿದರು. ನಿಂತಿತು. ಹಾಗೂ ನಿಲ್ಲದಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ನೋಡಬೇಕಿತ್ತು.

ತೋಟಕ್ಕೆ ಹೋಗುವಾಗ ತಮ್ಮ ಹವಾಯಿ ಚಪ್ಪಲಿ ಮೆಟ್ಟಿದ್ದ. ಅಕ್ಕ ಬಿಡಲಿಲ್ಲ. ಬೂಟು, ದಪ್ಪ ಪ್ಯಾಂಟು, ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿ. ಹೊಡೆಯುವವರ ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು. ಅಂದರೆ ಸುಮಾರು 20 ಹೆಜ್ಜೆ. ಮಕ್ಕಳು, ದನ ಕರುಗಳಂತೂ ಬೇಡವೇ ಬೇಡ. ಪೆಟ್ರೋಲ್ ಮುಗಿದರೆ ಎಂಜಿನ್ ಆರುವ ತನಕ ಕಾದು ಆಮೇಲೆ ತುಂಬಬೇಕು. ಕಾದ ಸೈಲೆನ್ಸರ್ ಮೇಲೆ ಪೆಟ್ರೋಲ್ ಬಿದ್ದರೆ ಬೆಂಕಿ ಹೊತ್ತಬಹುದು.

ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಇಡುತ್ತಾರೆ. ಒಳಗೆ ಪೆಟ್ರೋಲ್ ಉಳಿಯದಿದ್ದರೆ ಅಂಟೂ ಇಲ್ಲ. ಬಾಡಿಗೆಗೆ ಹೋದರೆ ಮಿಷನ್ ಜೊತೆ ತಮ್ಮನೂ ಹೋಗುತ್ತಾನೆ. ಬೆರೆಸಿದ ಪೆಟ್ರೋಲನ್ನು ಮನೆಯಿಂದಲೇ ಒಯ್ಯುತ್ತಾನೆ.

ಲೆಕ್ಕ ಮಾಡಿ

1. ಮುಚ್ಚಳದ ಮೇಲೆ 50:1 ಎಂದಿದೆ. ಅರ್ಧ ಲೀಟರ್ ಪೆಟ್ರೋಲಿಗೆ ಎಷ್ಟು ಎಂ.ಎಲ್. ಎಣ್ಣೆ ಬೇಕು?

2. ಮುಚ್ಚಳದ ಮೇಲೆ 25:1 ಎಂದಿದೆ. 2 ಲೀಟರ್ ಪೆಟ್ರೋಲಿಗೆ 20 ಎಂ.ಎಲ್.ನ ಎಷ್ಟು ಸಿರಿಂಜ್ ಎಣ್ಣೆ ಬೇಕು?

3. ನಿಮ್ಮ ಊರಿನಲ್ಲಿ ಯಾರ ಮನೆಯಲ್ಲಿ ಕಳೆ ಮಿಷನ್ ಇದೆ? ಅದರ ಮುಚ್ಚಳ ಒರೆಸಿ ಓದಿ. ಅಲ್ಲಿರುವ ಅಂಕಿಯನ್ನು ಇಲ್ಲಿ ಬರೆಯಿರಿ: ..............