ಕರಾರಿನ ಮೇಲೆ ಬಿಟ್ಟುಕೊಟ್ಟ ಮನೆ: ಬಾಕಿ ಹಣ ಬಾರದಿದ್ದರೆ



ಬೀಜ, ಗೊಬ್ಬರ, ಅಡಿಕೆಯ ಕೊಳೆರೋಗ ಇವುಗಳ ವಿಷಯ ಕೇಳಲು ನನ್ನ ಬಳಿ ಬರುವವರೇ ಹೆಚ್ಚು. ಹೋದ ತಿಂಗಳು ಚನ್ನಗಿರಿ ಕಡೆಯ ಹಳ್ಳಿಯೊಂದರಲ್ಲಿ ವಯಸ್ಸಾದ ರೈತರೊಬ್ಬರು ಬೇರೆಯದೇ ಕಾಗದ ತಂದು ನನ್ನ ಮುಂದಿಟ್ಟರು. ಹಳೆಯ ಮನೆಯನ್ನು 6 ಲಕ್ಷ ರೂಪಾಯಿಗೆ ಮಾರಲು ಒಪ್ಪಿ, 1 ಲಕ್ಷ ಸಂಚಕಾರ ಪಡೆದು, ಬೀಗದ ಕೈ ಕೊಟ್ಟುಬಿಟ್ಟಿದ್ದರು. ಉಳಿದ ಹಣ ಅಡಿಕೆ ಕೊಯ್ಲಿನ ಮೇಲೆ ಎರಡು ಕಂತಿನಲ್ಲಿ ಬರಬೇಕಿತ್ತು. ಮೊದಲ ಕಂತಿನಲ್ಲಿ ಅರ್ಧ ಬಂತು. ಆಮೇಲೆ ಎರಡು ಕೊಯ್ಲು ಕಳೆದರೂ ಕಾಸಿಲ್ಲ. ಮನೆಯಲ್ಲಿ ಮಾತ್ರ ಕೊಂಡವರ ಸಂಸಾರ ಇದೆ.

“ತಮ್ಮಾ, ಅವರು ಜಾತ್ರೆಗೆ ಹೋದಾಗ ಬೀಗ ಒಡೆದು ಸಾಮಾನು ಹೊರಗೆ ಹಾಕ್ತೀನಿ ಅಂತಾನೆ ನನ್ನ ಮಗ. ಮನೆ ನಮ್ಮದೇ ಅಲ್ವೇನಪ್ಪ?”

“ಮನೆ ನಿಮ್ಮದೇ, ಯಜಮಾನರೇ. ಆದರೆ ಬೀಗ ಮುಟ್ಟಬೇಡಿ” ಎಂದೆ.

ನಾನು ಓದಿದ್ದು ಕೃಷಿ ಡಿಪ್ಲೊಮಾ, ವಕೀಲಿಯಲ್ಲ. ಆದುದರಿಂದ ತಿಳಿದವರನ್ನು ಕೇಳಿ, ಪುಸ್ತಕ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮನೆ ಅವರದೇ ಎಂದದ್ದು ಏಕೆ? 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೇ ಕಲಮಿನಂತೆ ಕ್ರಯದ ಕರಾರು ಮಾತ್ರದಿಂದ ಸ್ವತ್ತಿನ ಹಕ್ಕು ಕೈ ಬದಲಾಗುವುದಿಲ್ಲ. ರಿಜಿಸ್ಟರ್ ಆದ ಕ್ರಯಪತ್ರವೇ ಬೇಕು. 2011ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಮತ್ತೆ ಸ್ಪಷ್ಟಪಡಿಸಿತು.

ಹಾಗಿದ್ದಾಗ್ಯೂ ಬೀಗ ಏಕೆ ಒಡೆಯಬಾರದು? ಹಕ್ಕು ಒಂದು, ಸ್ವಾಧೀನ ಇನ್ನೊಂದು. ಕೀಲಿಯನ್ನು ನಾವೇ ಒಪ್ಪಿ ಕೊಟ್ಟಿದ್ದೇವೆ. ಕಾನೂನಿನ ಮಾರ್ಗ ಬಿಟ್ಟು ಬಲವಂತದಿಂದ ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನಂತೆ ಅವರು 6 ತಿಂಗಳೊಳಗೆ ದಾವೆ ಹಾಕಿ ಮನೆಯನ್ನು ಮರಳಿ ಪಡೆಯಬಹುದು. ಆ ದಾವೆಯಲ್ಲಿ “ನಾನೇ ಮಾಲೀಕ” ಎಂಬ ಮಾತು ನಡೆಯುವುದಿಲ್ಲ. ಜೊತೆಗೆ ಮನೆ ನುಗ್ಗಿದ ಫಿರ್ಯಾದಿ ಬೇರೆ. ಕರೆಂಟು, ನೀರು ಕತ್ತರಿಸಿ ಓಡಿಸುವುದೂ ಅದೇ ಜಾಡು.

ಸರಿಯಾದ ದಾರಿ ನಿಧಾನವಾದದ್ದು. ಮೊದಲು ವಕೀಲರ ಮೂಲಕ ನೋಟೀಸು ಕೊಡಬೇಕು. ಎಷ್ಟು ಹಣ ಬಂತು, ಎಷ್ಟು ಬಾಕಿ, ಯಾವ ತಾರೀಖಿನೊಳಗೆ ಕೊಟ್ಟು ಕ್ರಯಪತ್ರ ಮಾಡಿಸಿಕೊಳ್ಳಬೇಕು, ತಪ್ಪಿದರೆ ಕರಾರು ರದ್ದಾಗಿ ಮನೆ ಬಿಡಬೇಕು ಎಂದು ಅದರಲ್ಲಿರಲಿ. ಸ್ಪೀಡ್ ಪೋಸ್ಟಿನಲ್ಲಿ, ಮುಟ್ಟಿದ್ದಕ್ಕೆ ಗುರುತು ಸಿಗುವಂತೆ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ಸ್ವಾಧೀನಕ್ಕಾಗಿ ದಾವೆ. ಮನೆ ಅನುಭವಿಸಿದ ಕಾಲಕ್ಕೆ ಪರಿಹಾರವನ್ನೂ ಅದರಲ್ಲೇ ಕೇಳಬಹುದು. ಡಿಕ್ರಿ ಆದ ಮೇಲೂ ಮನೆ ಬಿಡಿಸಿಕೊಡುವವರು ಕೋರ್ಟಿನ ಅಮೀನರು, ನಮ್ಮ ಮಕ್ಕಳಲ್ಲ.

ಕೊಂಡವರಿಗೂ ಒಂದು ಆಸರೆ ಇದೆ. ಕರಾರು ರಿಜಿಸ್ಟರ್ ಆಗಿದ್ದು, ಬಾಕಿ ಕೊಡಲು ಅವರು ನಿಜವಾಗಿ ಸಿದ್ಧರಿದ್ದರೆ, 53-ಎ ಕಲಮಿನಂತೆ ಅವರನ್ನು ಬಿಡಿಸಲಾಗದು. 2001ರ ಸೆಪ್ಟೆಂಬರ್ 24ರ ನಂತರ ಬರೆದ, ರಿಜಿಸ್ಟರ್ ಆಗದ ಕರಾರಿಗೆ ಈ ರಕ್ಷಣೆ ಇಲ್ಲ. ನಮ್ಮ ಯಜಮಾನರದ್ದು ಬರೀ ನೋಟರಿ ಕಾಗದ. ಆದರೆ ಹಿಗ್ಗಬೇಕಾಗಿಲ್ಲ. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ತಗಲುತ್ತದೆ. ಕಡಿಮೆ ಕಾಗದದ ಮೇಲೆ ಬರೆದದ್ದನ್ನು ಸಾಕ್ಷ್ಯಕ್ಕೆ ತಂದರೆ, ಕೊರತೆಯ ಹಣ, ಅದರ 10 ಪಟ್ಟು ದಂಡ, ಎರಡನ್ನೂ ಕಟ್ಟಿದ ಮೇಲೆಯೇ ಕೋರ್ಟು ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದು.

ಪಡೆದ ಹಣವನ್ನೆಲ್ಲ ನುಂಗಬಹುದೇ ಎಂದು ಮಗ ಕೇಳಿದ. ಇಲ್ಲ. ಸಂಚಕಾರವೆಂದೇ ಸ್ಪಷ್ಟವಾಗಿ ಬರೆದು, ತಪ್ಪಿದರೆ ಮುಟ್ಟುಗೋಲು ಎಂಬ ಷರತ್ತು ಇದ್ದರೆ, ಆ ಮೊತ್ತಕ್ಕೆ ವಾದ ಹೂಡಬಹುದು. ಕಂತಾಗಿ ಬಂದದ್ದು ಹಾಗಲ್ಲ. ನ್ಯಾಯವಾದ ನಷ್ಟ ಕಳೆದು ಹಿಂದಿರುಗಿಸಲು ಸಿದ್ಧರಿರಬೇಕು. (ಸಂಚಕಾರವೆಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಉಂಟು, ಅದನ್ನು ಮರೆಯದಿರುವುದು ಒಳ್ಳೆಯದು.)

ಕೆಲವರು ಪೂರ್ತಿ ಹಣ ಬರುವ ಮೊದಲೇ ಕ್ರಯಪತ್ರ ರಿಜಿಸ್ಟರ್ ಮಾಡಿಕೊಡುತ್ತಾರೆ. ಅದು ಇನ್ನೂ ಕಷ್ಟ. ಬಾಕಿಗಾಗಿ ಆ ಮನೆಯ ಮೇಲೆ ಋಣಭಾರವಿರುತ್ತದೆ, ಹಣಕ್ಕೆ ದಾವೆ ಹಾಕಬಹುದು. ಬಾಕಿ ಉಳಿಯಿತೆಂಬ ಒಂದೇ ಕಾರಣಕ್ಕೆ ಕ್ರಯ ರದ್ದಾಗುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಇನ್ನು ಮುಂದೆ ಮಾರುವವರು ಬಾಕಿ ಪೂರ್ತಿ ಕೈ ಸೇರುವವರೆಗೆ ಕೀಲಿ ಕೊಡದಿರುವುದೇ ಲೇಸು. ಕೊಡಲೇಬೇಕಾದರೆ ಕರಾರನ್ನು ತಕ್ಕ ಶುಲ್ಕ ಕಟ್ಟಿ ರಿಜಿಸ್ಟರ್ ಮಾಡಿಸಿ. “ಕೊಯ್ಲಾದ ಮೇಲೆ” ಎಂದು ಬರೆಯಬೇಡಿ, ತಾರೀಖು ಹಾಕಿ. ಹೊನ್ನಾಳಿಯ ಭತ್ತದ ಕೊಯ್ಲೇ ಬೇರೆ, ಜಗಳೂರಿನ ಮೆಕ್ಕೆಜೋಳದ್ದೇ ಬೇರೆ. ಮಳೆ ತಪ್ಪಿದ ವರ್ಷ ಕೊಯ್ಲೇ ಇಲ್ಲ. ಪ್ರತಿ ಕಂತೂ ಬ್ಯಾಂಕಿನ ಮೂಲಕವೇ ಬರಲಿ. ಅಲ್ಲಿಯವರೆಗೆ ಪಂಚಾಯಿತಿ ಖಾತೆ, ಕಂದಾಯದ ರಸೀತಿ ನಿಮ್ಮ ಹೆಸರಿನಲ್ಲೇ ಇರಲಿ.

ವಕೀಲರ ಖರ್ಚಿಗೆ ಅಂಜಿ ಸುಮ್ಮನಿರುವವರು ಚನ್ನಗಿರಿ, ಹೊನ್ನಾಳಿ, ಜಗಳೂರು ಕೋರ್ಟುಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ನ್ಯಾಮತಿಯವರು ಹೊನ್ನಾಳಿಯಲ್ಲಿ ವಿಚಾರಿಸಬಹುದು. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗುತ್ತದೆ. ಇಬ್ಬರೂ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಆ ತೀರ್ಮಾನಕ್ಕೆ ಡಿಕ್ರಿಯಷ್ಟೇ ಬಲ.

ಯಜಮಾನರ ನೋಟೀಸು ಹೋದ ವಾರ ಹೊರಟಿತು. ಕೊಂಡಾತ ಬಂದು, ಮೊದಲ ಬಾರಿಗೆ ಜಗುಲಿಯ ಮೇಲೆ ಕುಳಿತು ಲೆಕ್ಕ ಮಾತಾಡಿದನಂತೆ. ಮಗ ಜಾತ್ರೆಯ ದಿನ ತೋಟಕ್ಕೆ ಹೋದ.

— ಗ್ರಾಮಸೇವಕ